ಹುಬ್ಬಳ್ಳಿ ವಿಮಾನದ ವಯಸ್ಸು

ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ್ದು 48 ಸೀಟಿನ ಎಟಿಆರ್ ವಿಮಾನಗಳಲ್ಲಿ. ಹಾರಾಟ ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಿಗೆ. ತಿಂಡಿ ಬೇಕಂದ್ರೆ ದುಡ್ಡು ಕೊಡಬೇಕು, ಟಿಕೆಟ್ಟು ಪೆಟ್ರೋಲ್ ಬಂಕಲ್ಲೂ ಸಿಗ್ತಿತ್ತು! ಬಸವನಗುಡಿಯಲ್ಲಿ ರೂಮು ಮಾಡಿಕೊಂಡು, ಊರಿಗೆ ಹೋಗೋಕೆ ಮೆಜೆಸ್ಟಿಕ್ಕಿನ ರಾತ್ರಿ ಬಸ್ಸೇ ಗತಿ ಅಂದ್ಕೊಂಡಿದ್ದ ನಮ್ಮಂಥ ಹಳ್ಳಿಯವರಿಗೆ ವಿಮಾನ ಬರೀ ತಲೆಯೆತ್ತಿ ನೋಡೋ ವಸ್ತುವಾಗಿ ಉಳೀಲಿಲ್ಲ.

2005ರಲ್ಲಿ ಮಲ್ಯರ ಕಿಂಗ್‌ಫಿಷರ್ ಬಂತು. ವಿದೇಶಕ್ಕೆ ಹಾರಬೇಕಂದ್ರೆ ಮೊದಲು ದೇಶದೊಳಗೆ ಐದು ವರ್ಷ ಹಾರಿರಬೇಕು, 20 ವಿಮಾನ ಇರಬೇಕು ಅನ್ನೋದು ಆಗಿನ ನಿಯಮ. 2010ರವರೆಗೆ ಕಾಯೋ ವ್ಯವಧಾನ ಯಾರಿಗಿತ್ತು? ಇತ್ತ ಡೆಕ್ಕನ್ ಕೂಡ, ಸ್ಪೈಸ್‌ಜೆಟ್, ಇಂಡಿಗೋ ಜೊತೆಗಿನ ದರ ಸಮರದಲ್ಲಿ ನಷ್ಟಕ್ಕೆ ಬಿದ್ದಿತ್ತು, ಅದನ್ನೂ ಹೇಳಬೇಕು. 2007ರಲ್ಲಿ ಮಲ್ಯ ಅದರ 26% ಪಾಲು ಕೊಂಡರು, 2008ರಲ್ಲಿ ಎರಡೂ ಒಂದಾದವು. ಡೆಕ್ಕನ್ನಿಗೆ ಐದು ತುಂಬಿದ್ದು ಆ ಆಗಸ್ಟಿನಲ್ಲಿ. ಸೆಪ್ಟೆಂಬರಿನಲ್ಲೇ ಕಿಂಗ್‌ಫಿಷರ್ ಬೆಂಗಳೂರಿಂದ ಲಂಡನ್ನಿಗೆ ಹಾರಿತು. ಹುಬ್ಬಳ್ಳಿಗೆ ಹಾರಿ ಗಳಿಸಿದ ವಯಸ್ಸು ಲಂಡನ್ನಿಗೆ ಖರ್ಚಾಯ್ತು ನೋಡಿ.

ಡೆಕ್ಕನ್ ಹೆಸರು ಕಿಂಗ್‌ಫಿಷರ್ ರೆಡ್ ಆಯ್ತು. 2012ರಲ್ಲಿ ಇಡೀ ಕಂಪನಿಯೇ ನೆಲ ಹಿಡೀತು. ಐದು ವರ್ಷದ ಆ ನಿಯಮವನ್ನು ಸರ್ಕಾರ 2016ರಲ್ಲಿ ತೆಗೆದುಹಾಕಿತು.