ಬರೆಸಿಕೊಂಡ ರಾಜೀನಾಮೆ: ಗ್ರಾಮೀಣ ಧಾರವಾಡದ ಖಾಸಗಿ ಶಾಲಾ ಶಿಕ್ಷಕರು ಮತ್ತು ಕಾನೂನಿನ ರಕ್ಷಣೆ

ಕಿರುಕುಳ ತಾಳಲಾರದೆ ಕೆಲಸ ಬಿಟ್ಟವರನ್ನು ಮಾಲೀಕರೇ ಹೊರಹಾಕಿದಂತೆ ಎಂದು ಪರಿಗಣಿಸುವ ತತ್ವವನ್ನು ಬ್ರಿಟನ್ನಿನ 1996ರ ಉದ್ಯೋಗ ಹಕ್ಕುಗಳ ಕಾಯ್ದೆ ತನ್ನ 95ನೆಯ ಕಲಮಿನಲ್ಲೇ ಬರೆದಿಟ್ಟಿದೆ. ನಮ್ಮ ಕಾರ್ಮಿಕ ಶಾಸನಗಳಲ್ಲಿ ಅಷ್ಟು ನೇರವಾದ ಮಾತಿಲ್ಲ. ಈ ಕೊರತೆಯ ಪೆಟ್ಟು ಜೋರಾಗಿ ಬೀಳುವುದು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯಂಥ ತಾಲ್ಲೂಕುಗಳ ಅನುದಾನರಹಿತ ಶಾಲೆಗಳ ಶಿಕ್ಷಕರ ಮೇಲೆ ಎಂಬುದು ನನ್ನ ವಾದ.

ಹತ್ತಿ ಜಿನ್ನಿಂಗ್ ಮಿಲ್ಲಿನ ಕೆಲಸಗಾರ ತನ್ನನ್ನು ತೆಗೆದುಹಾಕಿದರೆ ಕಾರ್ಮಿಕ ಇಲಾಖೆಯ ರಾಜಿ ಅಧಿಕಾರಿಯ ಬಳಿ ಹೋಗಬಹುದು. ಶಿಕ್ಷಕರಿಗೆ ಆ ದಾರಿಯಿಲ್ಲ. ಅವರು ಕೈಗಾರಿಕಾ ಕಾನೂನಿನ 'ಕೆಲಸಗಾರ'ರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಎ. ಸುಂದರಾಂಬಾಳ್ ಪ್ರಕರಣದಲ್ಲಿ ತೀರ್ಮಾನಿಸಿತು. ಅವರಿಗಿರುವುದು 1995ರ ಜನವರಿ 20ರಿಂದ ಜಾರಿಯಲ್ಲಿರುವ ಕರ್ನಾಟಕ ಶಿಕ್ಷಣ ಕಾಯ್ದೆ, 1983. ವಿಚಾರಣೆಯಿಲ್ಲದೆ ವಜಾ ಮಾಡಬಾರದು ಎನ್ನುತ್ತದೆ 92ನೆಯ ಕಲಮು. ವಜಾ ಆದವರು, ತೆಗೆದುಹಾಕಲ್ಪಟ್ಟವರು, ಹಿಂಬಡ್ತಿ ಪಡೆದವರು ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು ಎನ್ನುತ್ತದೆ 94ನೆಯದು.

ತೊಡಕು ಇಲ್ಲೇ ಇದೆ. ನೇಮಕದ ದಿನವೇ ದಿನಾಂಕವಿಲ್ಲದ ರಾಜೀನಾಮೆಗೆ ಸಹಿ ಹಾಕಿಸಿಕೊಂಡು, ಮೂಲ ಅಂಕಪಟ್ಟಿಗಳನ್ನು ಕಪಾಟಿನಲ್ಲಿಟ್ಟುಕೊಂಡ ಆಡಳಿತ ಮಂಡಳಿಯನ್ನು ಊಹಿಸಿ. ಅಕ್ಕೋರು ಹೆರಿಗೆ ರಜೆ ಕೇಳಿದರು. ಪಗಾರ ನಿಂತಿತು, ಎಲ್ಲರೆದುರು ಬೈಗುಳ ಶುರುವಾಯಿತು, ಕೊನೆಗೆ ಆ ಹಳೆಯ ಕಾಗದಕ್ಕೆ ದಿನಾಂಕ ಬಿತ್ತು. ವಜಾ ಆದೇಶವೇ ಇಲ್ಲದ ಮೇಲೆ ಮೇಲ್ಮನವಿ ಯಾವುದರ ವಿರುದ್ಧ? ಅದು ರಾಜೀನಾಮೆಯೇ ಅಲ್ಲ ಎಂದು ಮೊದಲು ಆಕೆಯೇ ಸಾಬೀತುಮಾಡಬೇಕು. ಸಾಕ್ಷಿ ಹೇಳಬೇಕಾದ ಸಹೋದ್ಯೋಗಿಗಳೋ ಅದೇ ಮಂಡಳಿಯ ಪಗಾರ ನಂಬಿದವರು. ಇದನ್ನು ನ್ಯಾಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆದರೂ ಕಾನೂನು ಕೈಬಿಟ್ಟಿಲ್ಲ. ಬಲಾತ್ಕಾರದಿಂದ ಅಥವಾ ಅನುಚಿತ ಪ್ರಭಾವದಿಂದ ಪಡೆದ ಒಪ್ಪಿಗೆಯನ್ನು ಕೊಟ್ಟವರು ರದ್ದುಪಡಿಸಬಹುದು ಎಂಬುದು 1872ರ ಕರಾರು ಕಾಯ್ದೆಯ 19 ಮತ್ತು 19ಎ ಕಲಮುಗಳ ಸಾರ. ಡಾ. ಪ್ರಭಾ ಅತ್ರಿ ಪ್ರಕರಣ ಇನ್ನೂ ಹತ್ತಿರದ್ದು. ಅಮಾನತುಗೊಂಡ ವೈದ್ಯೆಯೊಬ್ಬರು, ತಮ್ಮ ಮಾತು ಒಪ್ಪಿಗೆಯಾಗದಿದ್ದರೆ ರಾಜೀನಾಮೆ ಕೊಡುವುದನ್ನು ಬಿಟ್ಟು ಬೇರೆ ದಾರಿಯಿಲ್ಲ ಎಂದು ನೊಂದು ಬರೆದಿದ್ದರು. ಆಸ್ಪತ್ರೆ ಅದನ್ನೇ ಅಂಗೀಕರಿಸಿತು. ಸುಪ್ರೀಂ ಕೋರ್ಟ್ ಅದನ್ನು ರಾಜೀನಾಮೆಯೆಂದು ಒಪ್ಪಲಿಲ್ಲ: ಷರತ್ತಿಲ್ಲದೆ, ಹುದ್ದೆ ಬಿಡುವ ಸ್ಪಷ್ಟ ಉದ್ದೇಶದಿಂದ ಬರೆದಿದ್ದರೆ ಮಾತ್ರ ಅದು ರಾಜೀನಾಮೆ. ಮುಂದಿನ ದಿನಾಂಕದಿಂದ ಜಾರಿಯಾಗುವ ರಾಜೀನಾಮೆಯನ್ನು ಆ ದಿನ ಬರುವ ಮುನ್ನ ಸಾಮಾನ್ಯವಾಗಿ ಹಿಂಪಡೆಯಬಹುದೆಂದು 1978ರ ಗೋಪಾಲಚಂದ್ರ ಮಿಶ್ರ ತೀರ್ಪು ಹೇಳಿದೆ.

ಗ್ರಾಚ್ಯುಟಿಯ ಮಾತು ಬೇರೆ. ಐದು ವರ್ಷ ಸೇವೆ ಸಲ್ಲಿಸಿದ್ದರೆ ರಾಜೀನಾಮೆ ಕೊಟ್ಟವರಿಗೂ ಅದು ಸಲ್ಲುತ್ತದೆ. ಖಾಸಗಿ ಶಾಲಾ ಶಿಕ್ಷಕರನ್ನು 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗುವಂತೆ ಸೇರಿಸಿದ 2009ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಎತ್ತಿಹಿಡಿದಿದೆ.

94ನೆಯ ಕಲಮಿಗೆ 'ಒತ್ತಾಯದಿಂದ ಪಡೆದ ರಾಜೀನಾಮೆ' ಎಂಬ ಮಾತನ್ನು ಶಾಸನಸಭೆ ಸೇರಿಸಬೇಕು. ಅಲ್ಲಿಯವರೆಗೆ, ಇಂಥ ಸ್ಥಿತಿಗೆ ಸಿಕ್ಕ ಶಿಕ್ಷಕರು ಆ ವಾರವೇ ನಡೆದದ್ದನ್ನು ದಿನಾಂಕಸಹಿತ ಬರೆದು, ಆಡಳಿತ ಮಂಡಳಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಲಿ. ಮೂರು ತಿಂಗಳ ಗಡುವು ಮೀರಲು ಬಿಡಬೇಡಿ.