ಕಡಿದ ಮರದ ಬುಡ

ಬಾಬಿಲೋನಿನ ಅರಸನಾದ ನೆಬೂಕದ್ನೆಚ್ಚರನು ಕ್ರಿ. ಪೂ. 605ರಿಂದ 562ರವರೆಗೆ ಆಳಿದನು. ಯೆರೂಸಲೇಮನ್ನು ಸುಟ್ಟು ಯೆಹೂದ್ಯರನ್ನು ಸೆರೆಯೊಯ್ದವನು ಈತನೇ. 1899ರಲ್ಲಿ ಜರ್ಮನಿಯ ಕೋಲ್ಡೆವೆ ಅಲ್ಲಿ ಉತ್ಖನನಕ್ಕೆ ತೊಡಗಿದಾಗ ಈತನ ಹೆಸರೊತ್ತಿದ ಇಟ್ಟಿಗೆಗಳು ರಾಶಿರಾಶಿಯಾಗಿ ದೊರೆತುವು.

ಬೈಬಲ್ಲಿನ ದಾನಿಯೇಲನ ಗ್ರಂಥದಲ್ಲಿ ಈ ಅರಸನು ಒಂದು ಕನಸು ಕಾಣುತ್ತಾನೆ. ಮುಗಿಲು ಮುಟ್ಟಿದ ಮರವೊಂದು ಕಡಿದುರುಳುತ್ತದೆ; ಬುಡದ ಮೋಟು ಮಾತ್ರ ಉಳಿಯುತ್ತದೆ. ಅದರ ಅರ್ಥ ಹೇಳಬೇಕಾದವನು ಸೆರೆಯಾಳು ದಾನಿಯೇಲ. ತನ್ನ ನಾಡನ್ನು ಹಾಳುಮಾಡಿದವನ ಕೇಡಿಗೆ ಆತನು ಹಿಗ್ಗಲಿಲ್ಲ, ಕಳವಳಗೊಂಡನು. ನ್ಯಾಯದಿಂದ ನಡೆದು ಬಡವರಿಗೆ ದಯೆ ತೋರಬೇಕೆಂದು ಅರಸನನ್ನು ಬೇಡಿಕೊಂಡನು. ಹನ್ನೆರಡು ತಿಂಗಳು ಕಳೆದುವು. ಅರಮನೆಯ ಮಾಳಿಗೆಯ ಮೇಲೆ ಅಡ್ಡಾಡುತ್ತ ಅರಸನು, ಈ ನಗರವೆಲ್ಲ ತನ್ನ ಬಲದಿಂದಲೇ ಆಯಿತೆಂದು ಬೀಗಿದನು. ಆ ಗಳಿಗೆಯಲ್ಲೇ ಬುದ್ಧಿಗೆಟ್ಟು ದನದಂತೆ ಹುಲ್ಲು ಮೇಯತೊಡಗಿದನು. ಕಡೆಗೆ ಆಕಾಶದತ್ತ ಕಣ್ಣೆತ್ತಿದಾಗ ಬುದ್ಧಿಯೂ ರಾಜ್ಯವೂ ಮರಳಿದುವು.

ಈತನ ಶಾಸನಗಳಲ್ಲಿ ಈ ಹುಚ್ಚಿನ ಸುದ್ದಿಯಿಲ್ಲ. ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ಸಿಕ್ಕಿದ ಒಂದು ಬರಹದ ತುಣುಕು ಇಂಥದೇ ಕಥೆಯನ್ನು ಬಾಬಿಲೋನಿನ ಕಡೆಯ ಅರಸ ನಬೊನಿದಸನ ಬಗ್ಗೆ ಹೇಳುತ್ತದೆ. ದಾನಿಯೇಲನ ಗ್ರಂಥವು ಈಗಿನ ರೂಪ ತಳೆದದ್ದು ಕ್ರಿ. ಪೂ. 165ರ ಸುಮಾರಿಗೆಂದು ಅನೇಕ ಪಂಡಿತರ ಮತ. ಆಗ, ದೇವರ ಪ್ರತ್ಯಕ್ಷರೂಪವೆಂಬ ಬಿರುದು ಧರಿಸಿದ ಅಂತಿಯೋಕನು ಯೆಹೂದ್ಯರ ಧರ್ಮಾಚರಣೆಯನ್ನೇ ನಿಷೇಧಿಸಿದ್ದನು. ನೊಂದ ಆ ಜನರಿಗೆ ಕೊಡಲಿಯ ಪೆಟ್ಟು ಸಮಾಧಾನ ತಂದಿರಬೇಕು. ಆದರೆ ಕಥೆಯು ಮೋಟನ್ನು ಉಳಿಸುತ್ತದೆ. ವೈರಿಗೂ ಚಿಗುರಲು ಎಡೆ ಕೊಡುತ್ತದೆ. ಗರ್ವಿಯು ಅಳಿಯಲೆಂದು ಹಾರೈಸುವುದು ಸುಲಭ. ಆತನು ತಿದ್ದಿಕೊಳ್ಳಲೆಂದು ಹಾರೈಸಬೇಕಾದರೆ ಸೆರೆಯಾಳಿಗೂ ವಿನಯ ಬೇಕು.