ಬ್ಯಾಂಕು ಮುಳುಗಿದಾಗ ಮುಳುಗುವುದು ಯಾರ ದುಡ್ಡು?

ಮುಂಬಯಿಯಲ್ಲೋ ಪುಣೆಯಲ್ಲೋ ದುಡಿದು ನಾಲ್ಕು ಕಾಸು ಉಳಿಸುವ ನಮಗೆ, ಯಾವುದೋ ಬ್ಯಾಂಕಿನ ಬಾಗಿಲು ಮುಚ್ಚಿತು ಅಂದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಈ ಭಯ ಇವತ್ತಿನದಲ್ಲ. ನೂರು ವರ್ಷಕ್ಕೂ ಹಿಂದಿನ ಕಥೆ ಕೇಳಿ.

1905ರಲ್ಲಿ ಬಂಗಾಳದ ವಿಭಜನೆಯಾಗಿ ಸ್ವದೇಶಿ ಚಳವಳಿ ಎದ್ದಿತು. ನಮ್ಮ ಹಣ ನಮ್ಮವರ ಬ್ಯಾಂಕಿನಲ್ಲೇ ಇರಲಿ ಎಂಬ ಹುರುಪು ಊರೂರಿಗೆ ಹಬ್ಬಿತು. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು 5,000 ರೂಪಾಯಿ ಬಂಡವಾಳದಲ್ಲಿ ಬ್ಯಾಂಕೊಂದನ್ನು ಕಟ್ಟಿದರು. ಜಾತಿ ಮತ ನೋಡದೆ ಎಲ್ಲರಿಗೂ ಉಳಿತಾಯದ ಅಭ್ಯಾಸ ಆಗಲಿ ಅನ್ನೋದು ಅವರ ಗುರಿ. ಮೊದಲ ದಿನ ಬಂದ ಹಣ 38 ರೂಪಾಯಿ 13 ಆಣೆ 2 ಪೈ. ಮುಂದೆ ಅದೇ ಕಾರ್ಪೊರೇಷನ್ ಬ್ಯಾಂಕ್ ಆಯಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಮದರಾಸಿನ ಆರ್ಬತ್‌ನಾಟ್ ಕಂಪನಿ ದಿವಾಳಿಯಾಯಿತು. ಬಿಳಿಯರ ದೊಡ್ಡ ಹೆಸರನ್ನು ನಂಬಿ ಹಣ ಇಟ್ಟವರು ಬೀದಿಗೆ ಬಿದ್ದರು. ಒಡೆಯ ಸರ್ ಜಾರ್ಜ್ ಆರ್ಬತ್‌ನಾಟ್ ಜೈಲಿಗೆ ಹೋದರು. ಹಾಗಂತ ನಮ್ಮವರ ಬ್ಯಾಂಕುಗಳೆಲ್ಲ ಗಟ್ಟಿಯಾಗಿದ್ದವೇ? ಅದೂ ಇಲ್ಲ. 1913ರ ಸೆಪ್ಟೆಂಬರಿನಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕ್ ಕುಸಿಯಿತು. ಗಾಬರಿ ಮುಂಬಯಿಗೂ ಬಂತು. ಬೆಳ್ಳಿಯ ಸಟ್ಟಾ ವ್ಯಾಪಾರಕ್ಕೆ ಕೈಹಾಕಿದ್ದ ಇಂಡಿಯನ್ ಸ್ಪೀಸಿ ಬ್ಯಾಂಕ್ ಮುಳುಗಿತು. ಮರುವರ್ಷ ಮಹಾಯುದ್ಧ. 1913ರಿಂದ 1918ರೊಳಗೆ ದೇಶದಲ್ಲಿ 94 ಬ್ಯಾಂಕುಗಳು ನೆಲಕಚ್ಚಿದವು.

ಯುದ್ಧ, ಗಾಳಿಮಾತು ನೆಪವಾದವು, ನಿಜ. ಆದರೆ ರೋಗ ಒಳಗೇ ಇತ್ತು. ಕೇಳಿದಾಗ ಕೊಡಬೇಕಾದ ಜನರ ಹಣವನ್ನು ಬೇಗ ಕೈಗೆ ಬಾರದ ಉದ್ಯಮಗಳಲ್ಲಿ, ಸಟ್ಟಾದಲ್ಲಿ ತೊಡಗಿಸಿದ್ದರು. ಸ್ವಂತ ಬಂಡವಾಳ ತೀರಾ ಕಡಿಮೆ. ಲೆಕ್ಕ ಕೇಳಲು ರಿಸರ್ವ್ ಬ್ಯಾಂಕ್ ಇನ್ನೂ ಹುಟ್ಟಿರಲಿಲ್ಲ. ಅದು ಬಂದದ್ದು 1935ರಲ್ಲಿ.

ಅದು ಬಂದ ಮೇಲೂ 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಚ್ಚಿತು. ಆಗ ಸರ್ಕಾರಕ್ಕೆ ಎಚ್ಚರವಾಯಿತು. 1962ರಿಂದ ಠೇವಣಿಗೆ ವಿಮೆ ಬಂತು, ಮೊದಲು 1,500 ರೂಪಾಯಿವರೆಗೆ. 2020ರಿಂದ ಅದು ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಅಸಲು ಬಡ್ಡಿ ಸೇರಿ, 5 ಲಕ್ಷದವರೆಗೆ ಇದೆ.

ಉಡುಪಿಯ ಆ ಸಣ್ಣ ಬ್ಯಾಂಕು ಅಂಥ ಬಿರುಗಾಳಿಯನ್ನೂ ದಾಟಿ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗುವವರೆಗೆ ಬಾಳಿತು. ಹಾಗಾಗಿ ಓದುಗರೇ, ದುಡ್ಡು ಇಡುವಾಗ ಬಿಳಿಯರದೋ ನಮ್ಮವರದೋ, ನಮ್ಮ ಜಾತಿಯವರದೋ ಜಮಾತಿನವರದೋ ಅಂತ ನೋಡಬೇಡಿ. ನಮ್ಮ ಹಣವನ್ನು ಅವರು ಎಲ್ಲಿ ಹಾಕುತ್ತಾರೆ, ಅದಕ್ಕೆ ವಿಮೆ ಇದೆಯೇ, ಇಷ್ಟು ಕೇಳಿ. ಕೇಳೋದು ಅಪನಂಬಿಕೆಯಲ್ಲ, ನಮ್ಮ ಹಕ್ಕು.